ಚರಗಕ್ಕೆ ಒಂದು ಹೊಲ

ಕೊಂಡಾಪುರದ ನಮ್ಮ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಕಾಫಿ ಯಂತ್ರದ ಮುಂದೆ ಒಂದು ಗೋಳು ತಪ್ಪದೆ ಕೇಳಿಬರುತ್ತಿತ್ತು. ಗೋಳಾಡುವವರು ನಮ್ಮ ಕನ್ನಡದವರೇ. ಬೆಂಗಳೂರಿನವರು, ಮೈಸೂರಿನವರು, ಕರಾವಳಿಯವರು ಕಾಗದದ ಲೋಟ ಹಿಡಿದು ಸಾಲಾಗಿ ನಿಂತು, ಈ ಊರಿನಲ್ಲಿ ರಜೆಯ ದಿನ ಹೋಗಿ ಬರಲು ಒಂದು ಜಾಗವೂ ಇಲ್ಲ ಎಂದು ಹಲುಬುತ್ತಿದ್ದರು. ಬೆಂಗಳೂರಾದರೆ ಬೆಟ್ಟಗಳಿವೆ, ಮೈಸೂರಾದರೆ ನದಿ ಇದೆ, ಮಂಗಳೂರಾದರೆ ಮನೆಯ ಹಿಂದೆಯೇ ಸಮುದ್ರವಿದೆ. ಹೈದರಾಬಾದಿನಲ್ಲೇನಿದೆ, ಕಲ್ಲು, ಬಿಸಿಲು, ಬಿರಿಯಾನಿ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ವಿಮಾನಗಳು ಇನ್ನೂ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದ ಕಾಲ ಅದು. ಅಲ್ಲಿ ಇಳಿದು ನೇರ ಕೊಂಡಾಪುರದ ಅಪಾರ್ಟ್‌ಮೆಂಟಿಗೆ ಬಂದು, ಅಲ್ಲಿಂದ ಆಫೀಸಿಗೆ ಹೋಗಿ, ಮತ್ತೆ ಹಬ್ಬಕ್ಕೆ ವಿಮಾನ ಹತ್ತುವವರು ಊರಿಗೆ ಅಂಕ ಕೊಡುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದೇ ಇಲ್ಲಿ. ಅಪ್ಪ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವ್ವ ವಿಜಾಪುರ ಸೀಮೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮನೆಯಲ್ಲಿ ನಮ್ಮ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ. ನನ್ನ ಕನ್ನಡ ಕೇಳಿ ಆಫೀಸಿನವರು ‘ಇದರಲ್ಲಿ ಉರ್ದು ಎಷ್ಟು ಪರ್ಸೆಂಟ್?’ ಎಂದು ಕಾಲೆಳೆಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ‘ನಿಮ್ಮದರಲ್ಲಿ ಇಂಗ್ಲಿಷ್ ಎಷ್ಟೈತೋ ಅಷ್ಟು’ ಎನ್ನುತ್ತಿದ್ದೆ.

ಹೋಗಿ ಬರಲು ಜಾಗವಿಲ್ಲ ಅನ್ನುವವರಿಗೆ ನನ್ನ ಹತ್ತಿರ ಒಂದು ಉತ್ತರವಿತ್ತು. ನಾವು ಮನೆಯವರೆಲ್ಲ ವರ್ಷಕ್ಕೊಂದು ದಿನ, ಮಳೆಯಿರಲಿ ಮುಷ್ಕರವಿರಲಿ, ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗುತ್ತಿದ್ದೆವು. ಆ ದಿನ ಎಳ್ಳಮಾವಾಸ್ಯೆ. ಚಳಿಗಾಲದ ನಡುವೆ ಬರುವ ಈ ಅಮಾವಾಸ್ಯೆಗೆ ಬಿಳಿಜೋಳ ತೆನೆ ಕಟ್ಟಲು ತಯಾರಾಗಿರುತ್ತದೆ. ನಮ್ಮ ಕಡೆಯವರ ಲೆಕ್ಕದಲ್ಲಿ ಆಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ? ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಅನ್ನ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದಕ್ಕೆ ಚರಗ ಅನ್ನುತ್ತಾರೆ. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚೆಲ್ಲುತ್ತ ಹೋದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಚಳ್ಳಾಂಬ್ರಿಗೋ’ ಎಂದು ಓಗೊಡುತ್ತಾರೆ. ಈ ಕೂಗಿನ ಅರ್ಥ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿಗೊಂದು ತರಹ ಕೂಗುತ್ತಾರಂತೆ.

ತೊಂದರೆ ಒಂದೇ. ನಮಗೆ ಹೊಲವಿರಲಿಲ್ಲ. ಅವ್ವನ ತವರಿನಲ್ಲಿ ಹೊಲವಿತ್ತು, ಆದರೆ ಅದು ಅಣ್ಣತಮ್ಮಂದಿರದು. ಅಲ್ಲಿ ಗಂಡಸರು ಚರಗ ಚೆಲ್ಲುತ್ತಿದ್ದರು, ಹೆಣ್ಣುಮಕ್ಕಳು ಬುತ್ತಿ ಹೊರುತ್ತಿದ್ದರು. ಹೈದರಾಬಾದಿಗೆ ಬಂದ ಮೊದಲ ವರ್ಷವೇ ಅವ್ವ ತೀರ್ಮಾನ ಮಾಡಿಬಿಟ್ಟಳಂತೆ, ಇಲ್ಲಿ ಚರಗ ನನ್ನ ಕೈಯಿಂದಲೇ ಅಂತ. ಹೊಲ ಯಾರದಾದರೇನು? ಬಸುರಿಗೆ ಉಣ್ಣಿಸಲು ಯಾರ ಅಪ್ಪಣೆ ಬೇಕು? ಇದು ಅವಳ ವಾದ. ಆಗ ಜೀಡಿಮೆಟ್ಲಾದಲ್ಲೇ ಕಾರ್ಖಾನೆಗಳ ನಡುನಡುವೆ ಜೋಳ ಇತ್ತು. ಅದು ಹೋಯಿತು. ಆಮೇಲೆ ಬಸ್ಸು ಬದಲಿಸಿ ಕೊಂಡಾಪುರದ ಕಡೆಗೆ ಹೋಗತೊಡಗಿದೆವು. ಐಟಿ ಕಂಪನಿಗಳಿಗಿಂತ ಮೊದಲು ಕೊಂಡಾಪುರಕ್ಕೆ ಹೋದವಳು ನಮ್ಮವ್ವ. ನಾನು ಮುಂದೆ ಕೆಲಸಕ್ಕೆ ಸೇರಿದ ಆಫೀಸಿನ ಕಾರು ನಿಲ್ಲಿಸುವ ಜಾಗದಲ್ಲಿ ಅವಳು ಕಡುಬು ಚೆಲ್ಲಿದ್ದಾಳೆ. ಮೊದಲ ದಿನ ನನ್ನನ್ನು ಬಿಡಲು ಬಂದಾಗ ಬಂಡೆಯೊಂದನ್ನು ನೋಡಿ ಅವಳೇ ಗುರುತು ಹಿಡಿದಳು. ‘ಇಲ್ಲೇ ಬಾರಿ ಗಿಡ ಇತ್ತು, ನೀ ಹಣ್ಣು ಆರಿಸಿ ತಿಂದಿದ್ದಿ’ ಎಂದಳು. ಕಾಫಿ ಯಂತ್ರದ ಮುಂದೆ ಈ ಮಾತು ಹೇಳಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದಿದೆ.

ಒಂದು ವರ್ಷ ಎಳ್ಳಮಾವಾಸ್ಯೆ ವಾರದ ನಡುವೆ ಬಂತು. ಆಫೀಸಿನಲ್ಲಿ ದೊಡ್ಡ ಕೆಲಸ ಮುಗಿಸಿಕೊಡುವ ಗಡಿಬಿಡಿ. ನಮ್ಮ ಮ್ಯಾನೇಜರು ಮೈಸೂರಿನವರು, ಮೃದು ಮಾತಿನವರು. ರಜೆ ಕೇಳಿದೆ. ಯಾಕೆಂದು ಕೇಳಿದರು. ‘ಎಳ್ಳಮಾವಾಸ್ಯೆ ಸರ್’ ಎಂದೆ.

ಅವರ ಮುಖ ತಟ್ಟನೆ ಇಳಿಯಿತು. ಕುರ್ಚಿ ಹತ್ತಿರ ಎಳೆದುಕೊಂಡು, ‘ಛೆ ಛೆ, ಅಮಾವಾಸ್ಯೆಗೆ ಎಳ್ಳು ಬಿಡ್ಬೇಕಾ? ಯಾರಮ್ಮಾ ಹೋಗಿದ್ದು?’ ಎಂದರು.

ಅವರ ಕಡೆ ಎಳ್ಳು ಬಿಡುವುದು ತೀರಿಕೊಂಡವರಿಗೆ. ನನಗೆ ಒಂದು ಕ್ಷಣ ಬೇಕಾಯಿತು ಅರ್ಥವಾಗಲು. ತಿದ್ದಬಹುದಿತ್ತು. ತಿದ್ದಿದ್ದರೆ ಹೊಲದಲ್ಲಿ ಊಟ ಮಾಡಲು ರಜೆಯೇ ಎಂದು ಕೇಳುತ್ತಿದ್ದರು. ಯುಗಾದಿಗೆ ರಜೆ, ದಸರೆಗೆ ರಜೆ, ನಮ್ಮ ಹಬ್ಬ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

‘ಹತ್ತಿರದವರಾ?’ ಎಂದು ಕೇಳಿದರು.

‘ಭಾಳ ಹತ್ತಿರದವರು ಸರ್’ ಎಂದೆ. ರಜೆ ಸಿಕ್ಕಿತು. ಇದಕ್ಕೆ ನನಗೆ ಇವತ್ತಿಗೂ ಎಳ್ಳಷ್ಟೂ ನಾಚಿಕೆಯಿಲ್ಲ.

ಹೋಗಲು ಗಾಡಿ ಬೇಕಿತ್ತು. ಹಿಂದಿನ ವರ್ಷಗಳಲ್ಲಿ ಬಸ್ಸಿಳಿದು ನಡೆಯುತ್ತಿದ್ದೆವು, ಜೋಳ ದೂರ ಸರಿದ ಹಾಗೆ ಆ ನಡಿಗೆ ಉದ್ದವಾಗುತ್ತ ಹೋದ ವರ್ಷವೇ ಸಾಕುಸಾಕಾಗಿತ್ತು. ನನ್ನ ಪಕ್ಕದ ಕುರ್ಚಿಯ ಗೆಳತಿಯ ಹತ್ತಿರ ಯಾರೋ ಮಾರಿದ ಹಳೆಯ ಕಾರೊಂದಿತ್ತು. ಅವಳು ಕುಂದಾಪುರದಿಂದ ಕೊಂಡಾಪುರಕ್ಕೆ ಬಂದವಳು. ‘ಹೆಸರಿನಲ್ಲಿ ಅಷ್ಟಿಷ್ಟು ಆಚೀಚೆ ಆದದ್ದಕ್ಕೆ ಇಡೀ ಸಮುದ್ರವೇ ಹೋಯ್ತು ಮಾರಾಯ್ತಿ’ ಎನ್ನುತ್ತಿದ್ದಳು. ಕರೆದದ್ದೇ ತಡ, ಹೊಟ್ಟೆನೋವೆಂದು ಆಫೀಸಿಗೆ ಹೇಳಿ ಬಂದೇಬಿಟ್ಟಳು.

ಹಿಂದಿನ ದಿನ ನಾನು ಐದು ಕಲ್ಲುಗಳನ್ನು ತಯಾರು ಮಾಡಿದ್ದೆ. ಹೊಲದ ಬದುವಿನ ಮೇಲೆ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿ ಪಾಂಡವರೆಂದು ಪೂಜೆ ಮಾಡುವುದು ಪದ್ಧತಿ. ಸುಣ್ಣ ಸಿಗಲಿಲ್ಲ. ಕಿಟಕಿಗೆ ಬಳಿದು ಮಿಕ್ಕಿದ್ದ ಬಿಳಿ ಬಣ್ಣದ ಡಬ್ಬಿ ಇತ್ತು. ಎಲ್ಲ ಒಂದೇ ಅಳತೆಯ ಕಲ್ಲುಗಳನ್ನು ಆರಿಸಿ, ಒಂದೂ ಗೆರೆ ಉಳಿಯದ ಹಾಗೆ ಬಣ್ಣ ಹೊಡೆದು, ನಡುವೆ ಕೆಂಪು ಇಟ್ಟೆ. ನನಗೇ ಹೆಮ್ಮೆಯಾಯಿತು. ಕಾರ್ಖಾನೆಯಿಂದ ಬಂದ ಅಪ್ಪ ಅವುಗಳನ್ನು ನೋಡಿ, ‘ಇಷ್ಟ್ಯಾಕ ತ್ರಾಸು ತಗೋತೀರಿ? ಮ್ಯಾಲ ಮಾಳಿಗಿ ಮ್ಯಾಲ ತುಳಸಿ ಕುಂಡಿ ಐತಿ, ಅದರಾಗ ನಾಕು ಅಗಳು ಚೆಲ್ಲಿ ಕೈ ಮುಗೀರಿ’ ಎಂದರು.

‘ಕುಂಡ್ಯಾಗ ಕೂಸು ಹುಟ್ತೈತೇನ್ರಿ?’ ಎಂದು ಅವ್ವ ಕೇಳಿದಳು. ಅಪ್ಪ ಕೈಕಾಲು ತೊಳೆಯಲು ಒಳಗೆ ನಡೆದರು.

ಬೆಳಿಗ್ಗೆ ಹೊರಟೆವು. ಅವ್ವ ಚರಗದ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಹಿಂದಿನ ವರ್ಷ ಚರಗ ಚೆಲ್ಲಿದ್ದ ಹೊಲ ಬರುವ ಹೊತ್ತಿಗೆ ಕಾರು ನಿಲ್ಲಿಸಿದೆವು. ಹೊಲವಿರಲಿಲ್ಲ. ಅದರ ಜಾಗದಲ್ಲಿ ಒಂದು ಕಮಾನು, ಕಮಾನಿನ ಮೇಲೆ ನೀಲಿ ಅಲೆಗಳ ಚಿತ್ರ, ಎರಡು ತೆಂಗಿನ ಮರ, ಒಂದು ಹಾಯಿದೋಣಿ. ಕಮಾನಿನ ಆಚೆ ಕೆಂಪು ಮಣ್ಣಿನ ರಸ್ತೆಗಳು, ರಸ್ತೆಗಳ ಅಂಚಿಗೆ ಬಿಳಿ ಬಣ್ಣದ ಕಲ್ಲುಗಳು, ಕಲ್ಲುಗಳ ಮೇಲೆ ಕೆಂಪು ನಂಬರು.

‘ನೋಡು, ಕಡೆಗೂ ಸಮುದ್ರ ಬಂತಲ್ಲ’ ಎಂದಳು ಗೆಳತಿ.

ಕಾವಲಿನವನು ಓಡಿ ಬಂದು ‘ಪ್ಲಾಟ್ ದೇಖ್ನಾ ಹೈ ಮೇಡಂ?’ ಎಂದು ಕೇಳಿದ.

‘ಇದರ್ ಜವಾರ್ ಥಾ ನಾ ಭೈಯ್ಯಾ, ಕಿದರ್ ಗಯಾ?’ ಎಂದು ಅವ್ವ ಕೇಳಿದಳು. ಇಲ್ಲಿದ್ದ ಜೋಳ ಎಲ್ಲಿ ಹೋಯಿತು ಅಂತ.

ಅವನು ಪಾಪ ಯೋಚಿಸಿ, ಜೋಳ ಬೇಕಾದರೆ ಮುಖ್ಯರಸ್ತೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ ಎಂದ. ಕಲ್ಲುಗಳ ನಡುವೆ ತಾನಾಗಿಯೇ ಮೊಳೆತ ನಾಲ್ಕು ಜೋಳದ ದಂಟುಗಳಿದ್ದವು. ಅಪ್ಪ ಅವುಗಳನ್ನೇ ತೋರಿಸಿ, ‘ಸಾಕಲ್ಲ? ಇಲ್ಲೇ ಮಾಡಿಬಿಡು’ ಎಂದರು. ಅವ್ವ ಆ ದಂಟುಗಳನ್ನು ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ಬಂತು. ಅವಳು ಅಳುವುದನ್ನು ನಾನು ಹೆಚ್ಚು ನೋಡಿದವಳಲ್ಲ. ನನಗೆ ಆ ಕಮಾನನ್ನು ಕೈಯಿಂದಲೇ ಕೆಡವಬೇಕೆನ್ನುವಷ್ಟು ಸಿಟ್ಟು ಬಂತು. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದೆ ನಡೆಸಿಕೊಂಡು ಬಂದದ್ದು ಇವತ್ತು ಮುರಿಯುತ್ತದೆ ಅನ್ನುವುದು ನಮ್ಮೆಲ್ಲರಿಗೂ ಗೊತ್ತಾಗಿತ್ತು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕಾರು ಹತ್ತಿದಳು. ‘ಮುಂದ ನಡೀವಾ’ ಎಂದಳು ಗೆಳತಿಗೆ.

‘ಇನ್ನೂ ಎಲ್ಲಿ ತನಕ?’ ಎಂದರು ಅಪ್ಪ.

‘ಜೋಳ ಕಾಣೂ ತನಕ.’

ಕಮಾನುಗಳು ಮುಗಿಯಲೇ ಇಲ್ಲ. ಒಂದರ ಮೇಲೆ ನವಿಲು, ಒಂದರ ಮೇಲೆ ಯಾವುದೋ ದೇಶದ ಅರಮನೆ. ಚೇವೆಳ್ಳ ದಾಟಿ ಎಷ್ಟೋ ಹೊತ್ತಾದ ಮೇಲೆ, ಒಂದು ಕಚ್ಚಾ ರಸ್ತೆಯ ತಿರುವಿನಲ್ಲಿ, ಎರಡು ಬದಿಗೂ ಬಿಳಿ ಕಲ್ಲು ನೆಟ್ಟ ಬಯಲಿನ ನಡುವೆ ಒಂದು ತುಂಡು ಹಸಿರು ಕಾಣಿಸಿತು. ಕಪ್ಪು ಮಣ್ಣು, ಎದೆಯೆತ್ತರದ ಬಿಳಿಜೋಳ, ಸಾಲುಗಳ ನಡುವೆ ಅಕ್ಕಡಿಗೆ ಕುಸುಬೆ. ಸುತ್ತ ಯಾರೂ ಇರಲಿಲ್ಲ. ಅವ್ವ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದಳು.

ಗಾಳಿಗೆ ಜೋಳ ಅಲುಗುತ್ತಿತ್ತು. ಇದನ್ನು ಸಮುದ್ರವೆಂದು ಹೇಳುತ್ತಾಳೇನೋ ಎಂದು ಗೆಳತಿಯ ಮುಖ ನೋಡಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, ‘ಸಮುದ್ರ ಅಲ್ಲ. ಆದ್ರೂ ಅಡ್ಡಿಲ್ಲ’ ಎಂದಳು.

ಬದುವಿನ ಮೇಲೆ ನನ್ನ ಐದು ಕಲ್ಲುಗಳನ್ನು ಸಾಲಾಗಿ ಇಟ್ಟೆ. ಅಂತರ ಸರಿಯಾಗಿರಬೇಕೆಂದು ಹೆಜ್ಜೆಯಿಂದ ಅಳೆದು ಇಟ್ಟೆ. ಅವ್ವ ಪೂಜೆ ಮುಗಿಸಿ, ಗಡಿಗೆ ಎತ್ತಿಕೊಂಡು, ‘ಹುಲ್ಲುಲ್ಲಿಗೋ’ ಎಂದು ಕೂಗಿ ಮೊದಲ ಹಿಡಿ ಚೆಲ್ಲಿದಳು. ಅಪ್ಪ ತಂಬಿಗೆ ಹಿಡಿದು ‘ಚಳ್ಳಾಂಬ್ರಿಗೋ’ ಎನ್ನಬೇಕೆಂದು ಬಾಯಿ ತೆರೆದದ್ದಷ್ಟೇ, ಜೋಳದ ಒಳಗಿನಿಂದ ಬೇರೆಯೇ ಕೂಗೊಂದು ಎದ್ದಿತು.

ಕಳೆ ತೆಗೆಯುವ ಕುರ್ಪಿ ಹಿಡಿದ ಹೆಂಗಸೊಬ್ಬಳು ಬಿರುಗಾಳಿಯ ಹಾಗೆ ಹೊರಗೆ ಬಂದಳು. ಅವ್ವನದೇ ವಯಸ್ಸು. ಬದುವಿನ ಮೇಲಿನ ಕಲ್ಲುಗಳನ್ನು ನೋಡಿದ್ದೇ ಅವಳ ಮುಖ ಕೆಂಪಾಯಿತು. ‘ನಾ ಚೇನ್ಲ ರಾಳ್ಳು ಪಾತಮನಿ ಎವಡು ಚೆಪ್ಪಿಂಡು?’ ಎಂದು ಕಿರುಚಿದಳು. ನನ್ನ ಹೊಲದಲ್ಲಿ ಕಲ್ಲು ನೆಡಲು ಯಾವನು ಹೇಳಿದ ಅಂತ.

ನನಗೆ ಆಗ ಹೊಳೆಯಿತು. ಬಿಳಿ ಬಣ್ಣ, ನಡುವೆ ಕೆಂಪು, ಒಂದೇ ಅಳತೆ, ಹೆಜ್ಜೆ ಅಳೆದು ಇಟ್ಟ ಸಾಲು. ಪಟ್ಟಣದಿಂದ ಬಂದ ಕಾರು. ನನ್ನ ಪಾಂಡವರು ಪಕ್ಕದ ಲೇಔಟಿನ ಕಲ್ಲುಗಳಿಗಿಂತ ಚೆನ್ನಾಗಿದ್ದರು.

‘ನೇನು ಅಮ್ಮ! ಎನ್ನಿಸಾರ್ಲು ಚೆಪ್ಪಾಲಿ? ಅಮ್ಮ! ಅಮ್ಮ!’

‘ಪಾಪ, ಅಮ್ಮ ಅಂತ ಯಾಕೆ ಕರೀತಿದ್ದಾರೆ?’ ಎಂದು ಗೆಳತಿ ನನ್ನ ಕಿವಿಯಲ್ಲಿ ಕೇಳಿದಳು.

‘ಕರೀತಿಲ್ಲ. ತೆಲುಗಿನಾಗ ಅಮ್ಮ ಅಂದ್ರ ಮಾರೂದಿಲ್ಲ ಅಂತ. ಎಷ್ಟು ಸಲ ಹೇಳಬೇಕು, ಮಾರೂದಿಲ್ಲ ಅಂತ ಬೈಯಾಕತ್ತಾಳ’ ಎಂದೆ.

ಹೆಂಗಸು ಕಾಲಿನಿಂದ ಒಂದು ಕಲ್ಲನ್ನು ಒದ್ದು ಉರುಳಿಸಿದಳು. ಅದು ಧರ್ಮರಾಯನೋ ಭೀಮನೋ, ಅವ್ವನಿಗೆ ತಡೆಯಲಾಗಲಿಲ್ಲ. ಅವಳಿಗೆ ತೆಲುಗು ಬರುತ್ತಿತ್ತು, ಆದರೆ ಸಿಟ್ಟು ಬಂದಾಗ ಉಳಿದೆಲ್ಲ ಭಾಷೆಗಳೂ ಅವಳನ್ನು ಬಿಟ್ಟು ಹೋಗುತ್ತಿದ್ದವು. ‘ದೇವರಿಗೆ ಕಾಲು ಹಚ್ಚತೀರೇನ್ರಿ? ನಿಮ್ಮ ಹೊಲ ಯಾರು ಕೇಳ್ಯಾರ? ನಾವೇನು ಕಸಗೊಳ್ಳಾಕ ಬಂದೀವೇನು? ಕೊಡಾಕ ಬಂದೀವಿ!’ ಎಂದಳು. ಆ ಹೆಂಗಸು ಇನ್ನಷ್ಟು ಜೋರು ಮಾಡಿದಳು. ನಾನು ತೆಲುಗಿನಲ್ಲಿ ನಡುವೆ ಬಾಯಿ ಹಾಕಿದರೆ ಇಬ್ಬರೂ ನನ್ನನ್ನೇ ಗದರಿದರು. ಅಪ್ಪ ತಂಬಿಗೆ ಹಿಡಿದುಕೊಂಡು ಕಾರಿನ ಹತ್ತಿರಕ್ಕೆ ಸರಿದರು.

ಅವ್ವ ಗಡಿಗೆಯೊಳಗೆ ಕೈಹಾಕಿ ಒಂದು ಕಡುಬು ತೆಗೆದು ಆ ಹೆಂಗಸಿನ ಮುಖದ ಮುಂದೆ ಹಿಡಿದಳು. ‘ಕಡುಬು ರೀ ಇದು! ಕಡುಬು! ಭೂಮಿತಾಯಿಗೆ ಕಡುಬು!’

ಹೆಂಗಸು ಗಪ್ಪನೆ ನಿಂತಳು. ‘ಕಡುಪಾ?’ ಎಂದಳು.

ತೆಲುಗಿನಲ್ಲಿ ಕಡುಪು ಅಂದರೆ ಹೊಟ್ಟೆ. ಬಸಿರು ಅನ್ನಲಿಕ್ಕೂ ಅದೇ ಮಾತು. ‘ಎವರಿಕಿ ಕಡುಪು?’ ಎಂದು ಕೇಳಿದಳು, ಯಾರಿಗೆ ಬಸಿರು ಅಂತ. ಕೇಳುತ್ತ ನನ್ನ ಹೊಟ್ಟೆ ನೋಡಿದಳು, ಆಮೇಲೆ ಗೆಳತಿಯ ಹೊಟ್ಟೆ ನೋಡಿದಳು. ಗೆಳತಿ ದುಪಟ್ಟಾ ಎಳೆದುಕೊಂಡು, ‘ಎಂಥ ಅಂತೆ? ನಂದು ಸುಳ್ಳು ಹೊಟ್ಟೆನೋವು ಮಾರಾಯ್ತಿ’ ಎಂದಳು.

ಅವ್ವನಿಗೆ ತೆಲುಗು ಮರಳಿ ಬಂತು. ಬಗ್ಗಿ ಕಪ್ಪು ಮಣ್ಣಿನ ಮೇಲೆ ಅಂಗೈಯಿಟ್ಟು, ‘ಭೂಮಿಕಿ’ ಎಂದಳು.

ಹೆಂಗಸು ಅವ್ವನ ಕೈ ನೋಡಿದಳು, ಆಮೇಲೆ ತಿರುಗಿ ತನ್ನ ಜೋಳವನ್ನು ನೋಡಿದಳು. ಹತ್ತಿರದ ಒಂದು ದಂಟನ್ನು ಹಿಡಿದು, ತೆನೆಯಿನ್ನೂ ಹೊರಬರದೆ ಉಬ್ಬಿದ್ದ ಎಲೆಯ ಬುಡವನ್ನು ಬೆರಳಿನಿಂದ ಒತ್ತಿದಳು. ‘ಅವುನು. ಪೊಟ್ಟ ಮೀದುಂದಿ’ ಎಂದಳು. ಅವರೂ ಜೋಳ ಈ ಹಂತಕ್ಕೆ ಬಂದರೆ ಹೊಟ್ಟೆಯಾಗಿದೆ ಎಂದೇ ಹೇಳುತ್ತಾರೆ. ನಾವು ಯಾರದೋ ಹೊಲಕ್ಕೆ ನಮ್ಮ ಹಬ್ಬ ಹೊತ್ತು ತಂದಿದ್ದೇವೆ ಅಂದುಕೊಂಡಿದ್ದೆ. ಬಸುರಿಯ ವಿಷಯ ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಅವಳು ಕುರ್ಪಿ ಕೆಳಗಿಟ್ಟು ಗಡಿಗೆಗೆ ಕೈ ಚಾಚಿದಳು. ನನ್ನ ಹೊಲ, ನಾನೇ ಉಣ್ಣಿಸುತ್ತೇನೆ ಎಂದಳು. ನ್ಯಾಯದ ಮಾತೇ. ಆದರೆ ಅವ್ವ ಗಡಿಗೆ ಬಿಡಲಿಲ್ಲ. ಇಬ್ಬರೂ ಅದರ ಕಂಠ ಹಿಡಿದುಕೊಂಡು ನಿಂತರು. ತವರಿನಲ್ಲಿ ಇಂಥದ್ದೇ ಗಡಿಗೆ ಹೊತ್ತು ತಂದು ಅಣ್ಣಂದಿರ ಕೈಗೆ ಕೊಟ್ಟು ಹಿಂದೆ ಸರಿದು ನಿಂತವಳು ಅವ್ವ. ಮತ್ತೆ ಕೊಟ್ಟು ಸರಿಯುವುದು ಅವಳಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ಇಬ್ಬರೂ ಚೆಲ್ಲೂಣು’ ಎಂದಳು ಅವ್ವ ಕಡೆಗೆ. ‘ನಡೀರಿ. ನಾ ಕೂಗ್ತೀನಿ, ನೀವು ಚಳ್ಳಾಂಬ್ರಿಗೋ ಅನ್ರಿ.’ ನಾನು ಅದನ್ನು ತೆಲುಗಿಗೆ ತಿರುಗಿಸಿದೆ.

ನಡುವೆ ಗಡಿಗೆ ಹಿಡಿದುಕೊಂಡು ಇಬ್ಬರೂ ಸಾಲಿನೊಳಗೆ ಹೊಕ್ಕರು. ಅವ್ವ ‘ಹುಲ್ಲುಲ್ಲಿಗೋ’ ಎಂದರೆ ಅವಳು ‘ಸೊಳ್ಳಂಬ್ರಿಗೋ’ ಎಂದು ತಪ್ಪು ತಪ್ಪಾಗಿ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ಓಗೊಡುವ ಕೆಲಸ ಕಳೆದುಕೊಂಡ ಅಪ್ಪ ತಂಬಿಗೆಯ ನೀರನ್ನು ತಾವೇ ಕುಡಿದರು. ಪಕ್ಕದ ಬಯಲಿನಲ್ಲಿ ಪ್ಲಾಟು ನೋಡಲು ಬಂದಿದ್ದವರು ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮತ್ತ ನೋಡುತ್ತಿದ್ದರು. ನೋಡಲಿ ಎಂದು ನಾನೂ ಕೂಗಿದೆ. ಆಫೀಸಿನಲ್ಲಿ ಎಂದೂ ಎತ್ತದ ದನಿ ಅದು.

ಊಟಕ್ಕೆ ಕೂತಾಗ ಆ ಹೆಂಗಸು ಕಲ್ಲುಗಳ ಮಾತು ತೆಗೆದಳು. ಪಾಂಡವರಿರಲಿ, ಬಿಳಿ ಬಣ್ಣ ಬೇಡ. ಬಿಳಿ ಕಂಡರೆ ಊರಿನವರು ಇವಳೂ ಮಾರಿದಳು ಅಂದುಕೊಳ್ಳುತ್ತಾರೆ. ಎರಡೂ ಕಡೆಯವರು ಮಾರಿಯಾಗಿದೆ, ದಿನಾ ಒಬ್ಬ ಬಂದು ಬೆನ್ನು ಬೀಳುತ್ತಾನೆ ಎಂದಳು. ಕುಡಿಯಲು ತಂದು ಉಳಿದಿದ್ದ ನೀರಿನಲ್ಲಿ ಮಣ್ಣು ಕಲಸಿ ನಾವೇ ಐದೂ ಕಲ್ಲಿಗೆ ಮೆತ್ತಿದೆವು. ಒದ್ದ ಕಲ್ಲಿಗೆ ಅವಳು ತಾನೇ ಮೆತ್ತಿ, ಸೆರಗು ಕೊರಳಿಗೆ ಸುತ್ತಿಕೊಂಡು ಕೈ ಮುಗಿದಳು. ನನ್ನ ಅಚ್ಚುಕಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು.

ಮರುವರ್ಷ ನಾನು ಮತ್ತೆ ರಜೆ ಕೇಳಿದೆ. ಮ್ಯಾನೇಜರಿಗೆ ನೆನಪಿತ್ತು. ‘ವರ್ಷದ ತಿಥಿನೇನಮ್ಮಾ?’ ಎಂದರು ದನಿ ತಗ್ಗಿಸಿ.

‘ಇಲ್ಲ ಸರ್. ಸೀಮಂತ’ ಎಂದೆ.

‘ಯಾರದು?’

‘ಹೊಲದ್ದು.’

ಅವರು ನನ್ನನ್ನು ದಿಟ್ಟಿಸುತ್ತಲೇ ರಜೆಗೆ ಹೂಂ ಅಂದರು. ನಾನೂ ಕಣ್ಣು ತಗ್ಗಿಸಲಿಲ್ಲ. ರಜೆ ಕೊಡದಿದ್ದರೂ ಹೋಗುತ್ತಿದ್ದೆ, ಅದು ಅವರಿಗೂ ತಿಳಿಯಿತು ಅನ್ನಿಸುತ್ತದೆ.

ಆ ತುಂಡು ಹಸಿರು ಅಲ್ಲೇ ಇತ್ತು. ಸುತ್ತ ಎಲ್ಲ ಕಡೆ ಕಮಾನುಗಳು ಎದ್ದಿದ್ದವು. ಮಣ್ಣು ಮೆತ್ತಿದ ಐದು ಕಲ್ಲುಗಳು ಬದುವಿನ ಮೇಲೆ ಹಾಗೇ ಕೂತಿದ್ದವು. ಆ ಹೆಂಗಸು ಜೋಳದ ರೊಟ್ಟಿ, ಬೆಳ್ಳುಳ್ಳಿ ಖಾರ ಮಾಡಿಕೊಂಡು ನಮಗಾಗಿ ಕಾದಿದ್ದಳು. ಚರಗ ಮುಗಿಸಿ ನಾವು ನಾಲ್ವರೂ ಅವಳೂ ಜೋಳದ ನೆರಳಿಗೆ ಊಟಕ್ಕೆ ಕೂತಾಗ ಬಿಳಿ ಕಾರೊಂದು ಬಂದು ಬದುವಿಗೆ ನಿಂತಿತು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಇಳಿದು ಬಂದು, ಅವಳಿಗೆ ನಮಸ್ಕಾರ ಹೇಳಿ, ಈ ಸಲವಾದರೂ ಮಾತು ಮುಗಿಸೋಣ ಎಂದು ತೆಲುಗಿನಲ್ಲಿ ನಗುತ್ತ ಕೇಳಿದ. ಅವನ ಕೈಯಲ್ಲಿ ಅಳತೆಯ ಟೇಪಿತ್ತು.

ಅವಳು ಏಳಲಿಲ್ಲ. ಬಾಯಲ್ಲಿದ್ದ ಕಡುಬು ನುಂಗಲೂ ಇಲ್ಲ. ‘ಇಪ್ಪುಡು ಕಾದು. ಕಡುಪುತೋ ಉಂದಿ’ ಎಂದಳು. ಈಗಾಗುವುದಿಲ್ಲ, ಬಸುರಿ ಇದ್ದಾಳೆ ಅಂತ.

‘ಎವರು?’ ಎಂದ ಅವನು ತಬ್ಬಿಬ್ಬಾಗಿ. ಹೋದ ವರ್ಷ ಅವಳು ನೋಡಿದ ಹಾಗೆಯೇ ನನ್ನ ಹೊಟ್ಟೆ, ಗೆಳತಿಯ ಹೊಟ್ಟೆ, ಕಡೆಗೆ ಅವ್ವನ ಹೊಟ್ಟೆ ನೋಡಿದ.

ನಮ್ಮ ಯಾರ ಬಾಯಿಯೂ ಖಾಲಿಯಿರಲಿಲ್ಲ. ಐವರೂ ಎಂಜಲು ಕೈಯೆತ್ತಿ ಅವನ ಕಾಲ ಕೆಳಗೆ ತೋರಿಸಿದೆವು.